ನಮ್ಮ ಶ್ವೇತಳ ಲೆಕ್ಕದ ಸೋಬಾನೆ

ಹೋದ ಕಾರ್ತಿಕದಲ್ಲಿ ನಮ್ಮ ಹಿತ್ತಲಿಗೆ ಚಿರತೆ ಬಂದಿತ್ತು. ಕಿಕ್ಕೇರಿಯಿಂದ ಒಳಕ್ಕೆ, ಕಬ್ಬಿನ ಗದ್ದೆಗಳ ನಡುವೆ ನಮ್ಮ ಊರು. ಈಗೀಗ ಕಬ್ಬು ಆಳೆತ್ತರ ನಿಂತ ಕಡೆಯೆಲ್ಲ ಚಿರತೆ ಮರಿ ಹಾಕುತ್ತದೆ. ನನ್ನ ತಮ್ಮನ ಸೊಸೆ ಶ್ವೇತ ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಹಸು ಕಿವಿ ನಿಮಿರಿಸಿದ್ದು ಕಂಡು ತಿರುಗಿದರೆ ತಿಪ್ಪೆಯ ಆಚೆ ಅದು ಕೂತಿದೆ. ಅವಳು ಕೂಗಲಿಲ್ಲ, ಓಡಲೂ ಇಲ್ಲ. ಒಲೆಗೆಂದು ಇಟ್ಟಿದ್ದ ತೆಂಗಿನ ಗರಿಗೆ ಬೆಂಕಿ ಹಚ್ಚಿ ಅದರ ಮುಖದ ಕಡೆ ಬೀಸಿದಳು. ಅದು ಎದ್ದು ಹೋಯಿತು. ಅವಳು ಮತ್ತೆ ಕುಕ್ಕರಗಾಲಲ್ಲಿ ಕೂತು ಉಳಿದ ಹಾಲು ಹಿಂಡಿ, ಡೈರಿಗೆ ಹಾಕಿ, ವಾಪಸು ಬಂದ ಮೇಲೆ ವಿಷಯ ಹೇಳಿದಳು.

ಅದಾದ ಸ್ವಲ್ಪ ದಿನಕ್ಕೆ ಸೊಳ್ಳೆಯ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಹುಡುಗಿ, ತನ್ನ ಕೈ ತುಂಬ ಸಾಮಾನಿದೆ, ಬಾಗಿಲ ಮೇಲೆ ತಾರೀಕು ನೀವೇ ಬರೆದುಬಿಡಿ ಅಕ್ಕ ಎಂದು ಶ್ವೇತಳ ಕೈಗೆ ಸೀಮೆಸುಣ್ಣ ಕೊಟ್ಟಳು. ನಾನು ಪಕ್ಕದ ಜಗಲಿಯಲ್ಲೇ ಇದ್ದೆ. ಚಿರತೆಗೆ ಬೆಂಕಿ ಬೀಸಿದ ಆ ಕೈಯಲ್ಲಿ ಅದು ನಿಲ್ಲಲಿಲ್ಲ. ಸೀಮೆಸುಣ್ಣ ಬಿದ್ದು ತುಂಡಾಯಿತು. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಒಳಕ್ಕೆ ಹೋದಳು.

ನಾನು ಶಾಲೆಯೊಳಗೆ ಕೂತವನಲ್ಲ. ದನ ಕಾಯುತ್ತಾ ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಚುನಾವಣೆ ಬರಹ, ಕಡಲೆಕಾಯಿ ಕಟ್ಟಿಕೊಟ್ಟ ಪೇಪರು ಇವನ್ನೆಲ್ಲ ಕೂಡಿಸಿ ಕೂಡಿಸಿ ಓದು ಕಲಿತವನು. ಇವತ್ತು ನನ್ನ ಕೋಣೆಯಲ್ಲಿ ಇರುವಷ್ಟು ಪುಸ್ತಕ ನಮ್ಮ ಪಂಚಾಯ್ತಿ ಲೈಬ್ರರಿಯಲ್ಲಿ ಇಲ್ಲ. ಯಾವ ಮೇಷ್ಟ್ರ ಋಣವೂ ನನ್ನ ಮೇಲಿಲ್ಲ, ಹಾಗೆಯೇ ಮೇಷ್ಟ್ರ ಭಯವೂ ಇಲ್ಲ. ಓದಿದವರ ಎದೆಯಲ್ಲಿ ಇಂಥದೊಂದು ಭಯ ಮನೆ ಮಾಡಿಕೊಂಡಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಶ್ವೇತಳಿಂದ. ಅವಳು ಹೇಳಿದ್ದು, ನಾನು ಕಂಡಿದ್ದು ಎರಡನ್ನೂ ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವಳ ತವರು ಪಾಂಡವಪುರದ ಕಡೆ, ನಾಲೆ ಬಯಲಿನ ಊರು. ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡದ ಪಿರಿಯಡ್ಡಿಗೆ ಅವಳೇ ರಾಣಿ. ಪದ್ಯವನ್ನು ಒಂದು ಸಲ ಕೇಳಿದರೆ ಸಾಕು, ರಾಗದ ಸಮೇತ ಒಪ್ಪಿಸುತ್ತಿದ್ದಳಂತೆ. ಸಮಾಜ ಪಾಠ ಅವಳಿಗೆ ಅಜ್ಜಿಯ ಕಥೆಯಿದ್ದಂತೆ. ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದಾಗ ಕೋಟೆ ಗೋಡೆಯ ಮುಂದೆ ನಿಂತು, ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಯುದ್ಧವನ್ನೆಲ್ಲ ತಾನೇ ಹೇಳಿ ಮುಗಿಸಿದ್ದಳು. ವಿಜ್ಞಾನವನ್ನು ಉರು ಹೊಡೆದು ದಾಟಿದಳು. ಇಂಗ್ಲಿಷನ್ನು ಹೇಗೋ ತಳ್ಳಿಕೊಂಡು ಹೋದಳು. ಲೆಕ್ಕದ ಪಿರಿಯಡ್ಡು ಬಂತೆಂದರೆ ಮಾತ್ರ ಅಂಗೈ ತಣ್ಣಗಾಗುತ್ತಿತ್ತು.

ಲೆಕ್ಕದ ಶಿವಶಂಕರ್ ಮೇಷ್ಟ್ರು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು, ಯಾರನ್ನಾದರೂ ಕರೆದು, ಕೈಗೆ ಸೀಮೆಸುಣ್ಣ ಇಟ್ಟು, ತಾವು ಕುರ್ಚಿಯಲ್ಲಿ ಕೂರುತ್ತಿದ್ದರು. "ಬರಿ ತಾಯಿ, ಕಾಯ್ತೀನಿ" ಎನ್ನುತ್ತಿದ್ದರು. ಆಮೇಲೆ ನಿಜವಾಗಿಯೂ ಕಾಯುತ್ತಿದ್ದರು, ಗಂಟೆ ಹೊಡೆಯುವ ತನಕ. ಒಂದು ಸುಳಿವಿಲ್ಲ, ಒಂದು ಮಾತಿಲ್ಲ. ಶ್ವೇತಳ ಸರದಿ ಬಂದಾಗ ಇಡೀ ಕ್ಲಾಸು ಉಸಿರು ಬಿಗಿಹಿಡಿದು ಅವಳ ಬೆನ್ನು ನೋಡುತ್ತಿತ್ತು. ಹೊರಗೆ ನಾಲೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಮಾತ್ರ ಕೇಳುತ್ತಿತ್ತು. ಅವಳು ಬೋರ್ಡಿನ ಮುಂದೆ ನಿಂತು ತನ್ನ ನೆರಳನ್ನೇ ನೋಡುತ್ತಿದ್ದಳು.

"ಹೊಡ್ದಿದ್ರೆ ಉರಿ ಆರೋಗದು ದೊಡ್ಡಮಾವ. ಆ ಕಾಯೋದು ಐತಲ್ಲ, ಅದು ಆರ್ನೇ ಇಲ್ಲ" ಎಂದು ನನಗೆ ಹೇಳಿದಳು.

ಹತ್ತನೇ ತರಗತಿಯಲ್ಲಿ ಎಲ್ಲ ಪಾಸಾಗಿ ಲೆಕ್ಕದಲ್ಲಿ ಫೇಲಾದಳು. ಮತ್ತೆ ಕಟ್ಟಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ನಾವು ಹೆಣ್ಣು ಕೇಳಿಕೊಂಡು ಹೋದೆವು. ನನ್ನ ತಮ್ಮನ ಹೆಂಡತಿ ದ್ಯಾವಮ್ಮನಿಗೆ ಅಕ್ಷರ ಬಾರದು, ಆದರೆ ಮಗ ನಿಂಗರಾಜುವಿಗೆ ಓದಿದ ಹೆಣ್ಣೇ ಬೇಕೆಂದು ಹಟ. ಇನ್ನೊಂದು ಕಡೆ ಹೊಲ ಹೆಚ್ಚಿದ್ದ ಹುಡುಗಿ ಇದ್ದಳು, ಒಂಬತ್ತನೇ ಕ್ಲಾಸಿಗೇ ಬಿಟ್ಟವಳು. ಶ್ವೇತಳ ಸೋದರಮಾವ ಕುಮಾರ್, ನಮ್ಮ ಹುಡುಗಿ ಹತ್ತನೇ ಕ್ಲಾಸು ಪಾಸು ಎಂದು ಎದೆ ತಟ್ಟಿ ಹೇಳಿದ. ದ್ಯಾವಮ್ಮ ಅಲ್ಲೇ ಹೂ ಮುಡಿಸಿದಳು. ಬಾಗಿಲ ಮರೆಯಲ್ಲಿದ್ದ ಹುಡುಗಿ ಬಾಯಿ ಬಿಡಲಿಲ್ಲ. ಆಗ ಬಿಡದ ಬಾಯಿ, ವರ್ಷ ಕಳೆದಂತೆಲ್ಲ ಇನ್ನೂ ಬಿಗಿಯಿತು.

ದ್ಯಾವಮ್ಮ ಸೊಸೆಯನ್ನು ಎಷ್ಟು ಮೆರೆಸಿದಳೆಂದರೆ, ಮದುವೆಯ ಕರೆಯೋಲೆ ಓದಿಸಲು ಬಂದವರಿಗೆ, ಬ್ಯಾಂಕಿನ ಮೆಸೇಜು ತೋರಿಸಲು ಬಂದವರಿಗೆ, ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಗುರುತಿಲ್ಲದವರಿಗೂ ನನ್ನ ಸೊಸೆ ಟೆಂತ್ ಪಾಸು ಎಂದು ಹೇಳುವಳು. ಹೇಳಿದಾಗಲೆಲ್ಲ ಶ್ವೇತ ಏನೋ ನೆಪ ಮಾಡಿ ಅಲ್ಲಿಂದ ಸರಿಯುವಳು.

ಈ ಸಂಕ್ರಾಂತಿಯ ಹೊತ್ತಿಗೆ ಸರಿಯಲೂ ಜಾಗವಿಲ್ಲದಂತಾಯಿತು. ನಮ್ಮೂರ ಹೆಂಗಸರ ಹಾಲಿನ ಡೈರಿಯ ಸೆಕ್ರೆಟರಿ ಹುಡುಗಿ ಮದುವೆಯಾಗಿ ನಾಗಮಂಗಲದ ಕಡೆ ಹೋಗುವವಳಿದ್ದಳು. ಆ ಜಾಗಕ್ಕೆ ಹತ್ತನೇ ತರಗತಿ ಪಾಸಾದವರು ಬೇಕೆಂದು ಡೈರಿಯ ಅಧ್ಯಕ್ಷೆ ಬೈರಮ್ಮ ಹೇಳಿದಳು. ದ್ಯಾವಮ್ಮ ಯಾರನ್ನೂ ಕೇಳದೆ, ಹಾಲು ಹಾಕುವ ಸಾಲಿನಲ್ಲೇ, ಇನ್ಯಾರೂ ಅರ್ಜಿ ಹಾಕುವುದು ಬೇಡ, ನನ್ನ ಸೊಸೆ ಇದ್ದಾಳೆ ಎಂದು ಸಾರಿಬಿಟ್ಟಳು. ಮನೆಗೆ ಬಂದು, ನಿನ್ನ ಪಾಸಿನ ಕಾಗದ ತೆಗೆದಿಟ್ಟುಕೋ, ಆಷಾಢ ಕಳೆದ ಮೇಲೆ ಕೊಡಬೇಕು ಎಂದಳು. ಅದು ತವರುಮನೆಯ ಟ್ರಂಕಿನಲ್ಲಿದೆ ಅತ್ತೆ, ತರುತ್ತೇನೆ ಎಂದು ಶ್ವೇತಳ ಬಾಯಿ ತಾನಾಗಿಯೇ ಹೇಳಿತು.

ಅತ್ತೆ ಮನೆಯಿಂದ ಹೊರಗೆ ಹಾಕುತ್ತಾಳೆಂಬ ಭಯ ಅವಳಿಗಿರಲಿಲ್ಲ. ದ್ಯಾವಮ್ಮ ಅಂಥವಳಲ್ಲ. ಇಷ್ಟು ವರ್ಷ ಊರ ಮುಂದೆ ಎತ್ತಿದ ಅತ್ತೆಯ ತಲೆ ತನ್ನಿಂದ ಅದೇ ಊರ ಮುಂದೆ ತಗ್ಗುತ್ತದಲ್ಲ, ಅದರ ಭಯ. ಆಮೇಲೆ ಒಂದೇ ಒಲೆಯ ಮುಂದೆ ಆ ಮುಖವನ್ನು ದಿನಾ ನೋಡುವುದು ಹೇಗೆ? ಇದಕ್ಕೆ ಅವಳಿಗೆ ಕಂಡದ್ದು ಒಂದೇ ಉಪಾಯ. ತಾಯಿಗೆ ಹುಷಾರಿಲ್ಲ ಎಂದು ತವರಿಗೆ ಹೋದವಳು, ಹಳೆಯ ಶಾಲೆಯಲ್ಲಿ ಬಾಕಿ ಉಳಿದ ಲೆಕ್ಕದ ಪರೀಕ್ಷೆಗೆ ಕಟ್ಟಿ ಬಂದಳು. ಚಿರತೆಗೆ ಹೆದರದವಳು ಆ ಶಾಲೆಯ ಗೇಟು ದಾಟುವಾಗ ಎರಡು ಸಲ ಹಿಂದಕ್ಕೆ ತಿರುಗಿದಳಂತೆ.

ಶ್ವೇತಳ ಮಗಳು ಹೇಮಶ್ರೀ ಹೋದ ವರ್ಷ ಹತ್ತನೆಯದು ಮುಗಿಸಿ ಕೆ.ಆರ್. ಪೇಟೆಗೆ ಪಿಯುಸಿಗೆ ಹೋಗುತ್ತಾಳೆ. ಅವಳ ಹಳೆಯ ಲೆಕ್ಕದ ಪುಸ್ತಕ, ಜೊತೆಗೆ ಹಿಂದುಳಿದ ಮಕ್ಕಳಿಗೆಂದು ಮೇಷ್ಟ್ರುಗಳು ಕೊಡುವ 'ಪಾಸಿಂಗ್ ಪ್ಯಾಕೇಜು' ಎಂಬ ತೆಳು ಪುಸ್ತಕ ಅಟ್ಟದ ಮೇಲಿದ್ದವು. ಇಷ್ಟು ಪ್ರಶ್ನೆ ಬಂದರೆ ಪಾಸು ಖಂಡಿತ ಎಂಬ ಪುಸ್ತಕ ಅದು. ಮಧ್ಯಾಹ್ನ ಶ್ವೇತ ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಕೋಣೆಗೆ ಬಂದಳು. ಗುಟ್ಟು ಹೇಳಿದಳು, ಕೂತು ಓದಲು ಮೂಲೆ ಕೇಳಿದಳು. ಕೊಟ್ಟೆ. ನಾನೂ ಆ ಪುಸ್ತಕ ತಿರುವಿದೆ. ಗದ್ದೆಯ ಅಳತೆ, ಬಡ್ಡಿ ನನಗೆ ಬಾಯಲ್ಲೇ ಬರುತ್ತವೆ, ಪ್ರಮೇಯ ಎಂಬುದು ಮಾತ್ರ ಹಲ್ಲಿಗೆ ಸಿಕ್ಕಲಿಲ್ಲ. ಹೇಳಲು ನನಗೇನೂ ನಾಚಿಕೆಯಿಲ್ಲ, ನಾನು ಅದಕ್ಕೆ ಕೊಟ್ಟದ್ದು ಒಂದೇ ಮಧ್ಯಾಹ್ನ.

ಅವಳಿಗೆ ಗ್ರಾಫು ಎಳೆಯುವುದು ಬಂತು. ಪಟ್ಟಿ ಹಾಕಿ ಸರಾಸರಿ ತೆಗೆಯುವುದೂ ತಿಣುಕಿ ತಿಣುಕಿ ಬಂತು. ಪ್ರಮೇಯದ ಹತ್ತಿರ ಬಂದಾಗ ಕಣ್ಣು ಮಂಜಾಯಿತು. ಒಂದು ವೃತ್ತ, ಅದರ ಹೊರಗೆ ಒಂದು ಬಿಂದು. ಆ ಬಿಂದುವಿನಿಂದ ವೃತ್ತದ ಅಂಚನ್ನು ಮುಟ್ಟುವಂತೆ ಎರಡು ಗೆರೆ ಎಳೆದರೆ ಎರಡೂ ಒಂದೇ ಉದ್ದ ಇರುತ್ತವೆ. ಯಾಕೆ ಎಂದು ಸಾಧಿಸಬೇಕು. ಎಷ್ಟು ಸಲ ಓದಿದರೂ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಹೋಗುತ್ತಿತ್ತು, ಬೆನ್ನ ಹಿಂದೆ ಯಾರೋ ಕಾಯುತ್ತಾ ಕೂತಂತೆ ಆಗುತ್ತಿತ್ತು. ಕೊನೆಗೆ ಅವಳು ತನಗೆ ಬರುವ ದಾರಿ ಹಿಡಿದಳು.

ನಮ್ಮ ದ್ಯಾವಮ್ಮ ಸುತ್ತೂರಿಗೆಲ್ಲ ಸೋಬಾನೆಯ ಹಿರಿಯಳು. ಅರಿಶಿನದ ಶಾಸ್ತ್ರ, ಹಸೆ, ಒಸಗೆ, ಯಾವುದೂ ಅವಳ ಪದವಿಲ್ಲದೆ ನಡೆಯದು. ಅವಳು ಎತ್ತಿಕೊಟ್ಟ ಸಾಲನ್ನು ಹಿಂದಿನವರು ಹಿಡಿಯಬೇಕು. ಹಿಂದಿನವರಲ್ಲಿ ಮೊದಲ ಗಂಟಲು ಶ್ವೇತಳದು. ಪುಸ್ತಕದಲ್ಲಿದ್ದ ಪ್ರಮೇಯವನ್ನು ಅವಳು ಸೋಬಾನೆಯ ಮಟ್ಟಿಗೆ, ಆ ಧಾಟಿಗೆ ಕೂರಿಸಿದಳು. ಹೀಗೆ:

ನಡುವೇಲಿ ಓ ನಿಂತವ್ಳೆ, ಹೊರಗಡೆ ಪಿ ನಿಂತವ್ಳೆ
ಪಿಯಿಂದ ಹೊರಟಾವೆ ಎರಡು ದಾರಿ ಸೋಬಾನೆ
ಕ್ಯೂ ಮುಟ್ಟಿತೊಂದು ದಾರಿ, ಆರ್ ಮುಟ್ಟಿತೊಂದು ದಾರಿ
ಎರಡು ದಾರೀನೂ ಸಮವೆನ್ನಿ ಸೋಬಾನೆ

ಮುಂದಿನ ಸಾಲುಗಳಲ್ಲಿ ತ್ರಿಜ್ಯಗಳು ಅಕ್ಕತಂಗಿಯಾಗಿ ಬಂದವು, ತ್ರಿಭುಜಗಳು ಜೋಡಿಮನೆಯಾಗಿ ಬಂದವು. ಮಟ್ಟಿಗೆ ಕೂರದ ಮಾತನ್ನು ಅವಳು ಹಾಗೇ ಬಿಟ್ಟಳು, ಪದ ಕಟ್ಟುವವರೆಲ್ಲ ಮಾಡುವಂತೆ. ಒಂದೇ ವಾರದಲ್ಲಿ ಪ್ರಮೇಯ ಬಾಯಿಗೆ ಬಂತು. ಬಂದ ಪದ ಬಾಯಲ್ಲಿ ನಿಲ್ಲುವುದಿಲ್ಲವಲ್ಲ. ಹಾಲು ಕರೆಯುವಾಗ, ಮುದ್ದೆ ತಿರುವುವಾಗ ತಾನಾಗಿ ಹೊರಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಡಿಕೊಳ್ಳುತ್ತಾ ತಲೆ ಎತ್ತಿದರೆ ದ್ಯಾವಮ್ಮ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಾಳೆ.

"ಇದ್ಯಾವ ಪದವಮ್ಮಿ? ನಾನು ಕೇಳೇ ಇಲ್ವಲ್ಲ" ಎಂದಳು ದ್ಯಾವಮ್ಮ.

ತವರೂರಿನದು ಎಂದಳು ಶ್ವೇತ.

"ಓ ಅಂದ್ರೆ ಯಾರು, ಪಿ ಅಂದ್ರೆ ಯಾರು?"

"ಅವು ಯಾರೂ ಅಲ್ಲ ಅತ್ತೆ. ಹೆಸ್ರು ಆಕೋ ಜಾಗ. ಯಾರ ಮದ್ವೆನೋ ಅವ್ರ ಹೆಸ್ರು ಆಕದು" ಎಂದಳು.

ದ್ಯಾವಮ್ಮನಿಗೆ ಇದು ಸಹಜವೇ. ಸೋಬಾನೆಯಲ್ಲಿ ಪದ ಹಳೆಯದು, ಹೆಸರು ಮಾತ್ರ ಆಯಾ ಮನೆಯದು. ಸರಿ, ಇನ್ನೊಂದು ಸಲ ಹೇಳು ಎಂದು ಅಲ್ಲೇ ಕೂತು ಕಲಿತಳು. ಬೇರೆ ದಾರಿಯಿಲ್ಲದೆ ಶ್ವೇತ ಹೇಳಿಕೊಟ್ಟಳು. ಅತ್ತೆಯ ಕಿವಿ ಗೊತ್ತಿದ್ದವಳು ಅವಳು. ಒಂದು ಸಲ ಕೇಳಿದ್ದು ಆ ತಲೆಯಿಂದ ಹೋಗುವುದಿಲ್ಲ. ಎಲ್ಲಿ ಹಾಡುತ್ತಾಳೋ, ಯಾರು ಕೇಳುತ್ತಾರೋ!

ಭಯಪಟ್ಟಂತೆಯೇ ಆಯಿತು. ಬೇಸಿಗೆಯಲ್ಲಿ, ಪರೀಕ್ಷೆಗೆ ಇನ್ನು ಒಂದು ವಾರವೂ ಇಲ್ಲದಿದ್ದಾಗ, ದ್ಯಾವಮ್ಮನ ತವರಾದ ಕಿರಂಗೂರಿನಲ್ಲಿ ಅವಳ ತಮ್ಮನ ಮಗಳು ರಂಜಿತಳ ಮದುವೆ. ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಹೋದೆವು. ಅರಿಶಿನದ ಶಾಸ್ತ್ರಕ್ಕೆ ಶಾಮಿಯಾನದ ಕೆಳಗೆ ಚಾಪೆ ಹಾಸಿ ಹೆಂಗಸರು ಕೂತರು. ಗಂಡಿನ ಕಡೆಯವರು ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅಲ್ಲಿ ಮೊದಲ ಸಾಲಿನಲ್ಲಿ, ಪಂಚೆಯ ಅಂಚನ್ನು ಮಡಿಲಲ್ಲಿ ಮಡಿಸಿಕೊಂಡು ಕೂತಿದ್ದ ಬಿಳಿ ತಲೆಯವರನ್ನು ಕಂಡು ಶ್ವೇತ ಅತ್ತೆಯ ಬೆನ್ನ ಮರೆಗೆ ಸರಿದಳು. ಶಿವಶಂಕರ್ ಮೇಷ್ಟ್ರು. ರಿಟೈರಾಗಿ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿದ್ದವರು, ಗಂಡು ಅಶೋಕನಿಗೆ ಹತ್ತಿರದ ನೆಂಟರಂತೆ. ತಾನು ಫೇಲಾದದ್ದನ್ನು ಬಲ್ಲ ಮನುಷ್ಯ, ತಾನು ಪಾಸೆಂದು ಸಾರುವ ಅತ್ತೆ, ಇಬ್ಬರ ನಡುವೆ ಒಂದು ಚಾಪೆಯ ಅಂತರ.

ದ್ಯಾವಮ್ಮ ಎರಡು ಹಳೆಯ ಪದ ಮುಗಿಸಿದಳು. ಈಗ ಹೊಸದೊಂದು, ನನ್ನ ಸೊಸೆಯ ತವರೂರಿನದು ಎಂದು ಗಂಟಲು ಸರಿಮಾಡಿಕೊಂಡಳು. ಶ್ವೇತ ಅವಳ ಸೆರಗು ಎಳೆದಳು. ದ್ಯಾವಮ್ಮ ಕೈ ಕೊಡವಿ ಎತ್ತಿಯೇಬಿಟ್ಟಳು:

ನಡುವೇಲಿ ರಂಜಿತ ನಿಂತವ್ಳೆ, ಹೊರಗಡೆ ಅಶೋಕ ನಿಂತವ್ನೆ
ಅವನಿಂದ ಹೊರಟಾವೆ ಎರಡು ದಾರಿ ಸೋಬಾನೆ
ತೌರ ಮುಟ್ಟಿತೊಂದು ದಾರಿ, ಅತ್ತೆಮನೆ ಮುಟ್ಟಿತೊಂದು ದಾರಿ
ಎರಡು ದಾರೀನೂ ಸಮವೆನ್ನಿ ಸೋಬಾನೆ

ಹೆಂಗಸರು ತಲೆದೂಗಿದರು. ಮದುಮಗಳ ತಾಯಿ ಕಣ್ಣು ಒರೆಸಿಕೊಂಡಳು. ಹಿಂದಿನ ಸಾಲು ಹಿಡಿಯಬೇಕಾದ ಶ್ವೇತ ಮಾತ್ರ ತಲೆ ತಗ್ಗಿಸಿ ಕೂತಳು. ಮೇಷ್ಟ್ರು ಮೊದಲು ಸುಮ್ಮನೆ ಕೇಳುತ್ತಿದ್ದವರು, ತ್ರಿಜ್ಯದ ಅಕ್ಕತಂಗಿಯರು ಬಂದಾಗ ಕುರ್ಚಿಯಲ್ಲಿ ನೆಟ್ಟಗಾದರು. ಪದ ಮುಗಿದ ಮೇಲೆ ಎದ್ದು ಬಂದು ಚಾಪೆಯ ಅಂಚಿನಲ್ಲಿ ನಿಂತರು. ನಾನು ಪಕ್ಕದಲ್ಲೇ ಇದ್ದೆ.

"ನೀನು ಶ್ವೇತ ಅಲ್ವೇನಮ್ಮ?" ಎಂದರು.

ದ್ಯಾವಮ್ಮ ಅರಳಿದಳು. ಸೊಸೆ ಇವರ ಹತ್ತಿರ ಓದಿದವಳೆಂದು ತಿಳಿದು, "ಅಂಗಾರೆ ನನ್ ಸೊಸೆಗೆ ಹತ್ತ್ನೇ ಕ್ಲಾಸು ಪಾಸ್ ಮಾಡ್ಸಿದ್ದು ನೀವೇ ಅನ್ನಿ ಸ್ವಾಮಿ" ಎಂದಳು.

ಮೇಷ್ಟ್ರು ಶ್ವೇತಳ ಮುಖ ನೋಡುತ್ತಾ ನಿಂತರು. ಸುತ್ತ ಗಲಗಲ ಎನ್ನುತ್ತಿದ್ದರೂ ಅವಳಿಗೆ ಏನೂ ಕೇಳಿಸಲಿಲ್ಲವಂತೆ. ಈಗ ಹೇಳುತ್ತಾರೆ, ಇನ್ನೊಂದು ಉಸಿರಿಗೆ ಹೇಳುತ್ತಾರೆ ಎಂದು ಕಾಲ ಬೆರಳನ್ನು ಚಾಪೆಗೆ ಒತ್ತಿ ಹಿಡಿದಿದ್ದಳು.

"ಪದ ಚೆನ್ನಾಗಿದೆ" ಎಂದರು ಮೇಷ್ಟ್ರು ಕಡೆಗೆ. "ಒಂದು ಸಾಲು ಬಿಟ್ಟೋಗಿದೆ."

ದ್ಯಾವಮ್ಮನಿಗೆ ರೇಗಿತು. "ನಾನು ಆಡಿದ್ರಲ್ಲಿ ಸಾಲು ಬುಟ್ಟೋಗದೆ ಅಂತ ಇದ್ವರ್ಗೂ ಯಾರೂ ಅಂದಿಲ್ಲ. ನೀವೇ ಮೊದ್ಲು."

ಮೇಷ್ಟ್ರು ಅವಳಿಗೆ ಕೈ ಮುಗಿದು ನಕ್ಕರು. ಶ್ವೇತಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ದಾರಿ ಹೋಗಿ ಮುಟ್ಟಿದ ಕಡೆ ಮೂಲೆ ಹೆಂಗಿರುತ್ತೆ ತಾಯಿ? ಅದನ್ನ ಹೇಳದೆ ಸಮ ಅಂದ್ರೆ ಯಾರು ಒಪ್ತಾರೆ?" ಎಂದರು.

ಅವಳು ತುಟಿ ಅಲ್ಲಾಡಿಸಿದಳು. ಲಂಬ ಎಂದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಮೇಷ್ಟ್ರು ತಲೆಯಾಡಿಸಿ ಊಟದ ಕಡೆ ಹೋದರು. ಅವಳು ಅಂದು ಎಲೆಯ ಮುಂದೆ ಕೂತರೂ ತುತ್ತು ಎತ್ತಲಿಲ್ಲ. ಧಾರೆ ಮುಗಿದು ಟೆಂಪೋ ಹತ್ತುವ ತನಕ ಮೇಷ್ಟ್ರು ಯಾರ ಜೊತೆ ಮಾತಾಡಿದರೂ ಇವಳ ಕಿವಿ ಅತ್ತಲೇ ಇರುತ್ತಿತ್ತು. ಕಾಪಾಡಿದರೋ, ಇನ್ನೊಂದು ದಿನಕ್ಕೆ ಇಟ್ಟುಕೊಂಡರೋ ಎಂಬುದು ಅವಳಿಗೆ ಇವತ್ತಿಗೂ ತಿಳಿಯದು.

ಪರೀಕ್ಷೆಯ ದಿನ ತಾಯಿಯ ನೆಪದಲ್ಲೇ ಪಾಂಡವಪುರಕ್ಕೆ ಹೋದಳು. ಪರೀಕ್ಷೆಯ ಕೋಣೆಯಲ್ಲಿ ಸುತ್ತ ಮಗಳ ವಯಸ್ಸಿನ ಮಕ್ಕಳು. ಒಬ್ಬ ಹುಡುಗಿ ಇವಳನ್ನು ಮೇಡಂ ಎಂದುಕೊಂಡು ಎದ್ದು ನಿಂತಳು. ಗೋಡೆಯ ಮೂಲೆಯಲ್ಲಿ ಕ್ಯಾಮೆರಾ. ಎಲ್ಲೋ ದೊಡ್ಡ ಆಫೀಸಿನಲ್ಲಿ ಕೂತವರು ಇಲ್ಲಿ ನಡೆಯುವುದನ್ನೆಲ್ಲ ನೋಡುತ್ತಾರೆಂದು ಮಕ್ಕಳು ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕೇಳಿದ ಮೇಲೆ ಅವಳಿಗೆ ಅತ್ತೆಯೂ ಬೈರಮ್ಮನೂ ಅಲ್ಲೇ ಕೂತು ನೋಡುತ್ತಿರುವಂತೆ ಅನಿಸಿತು.

ಗ್ರಾಫು ಎಳೆದಳು. ಪಟ್ಟಿ ಹಾಕಿದಳು. ಪ್ರಮೇಯದ ಪ್ರಶ್ನೆ ಬಂದಿತ್ತು. ಅವಳ ಪಾಸು ನಿಂತದ್ದೇ ಇಂಥ ನಾಲ್ಕೈದರ ಮೇಲೆ. ಖುಷಿಯಾಗಿ, ಪ್ರಶ್ನೆಯನ್ನು ಪೂರ್ತಿ ಓದದೆ, ಮನಸ್ಸಿನಲ್ಲಿ ಪದ ಎತ್ತಿಕೊಂಡು ಎರಡು ಸಾಲು ಬರೆದಳು. ಆಮೇಲೆ ಚಿತ್ರದ ಕಡೆ ಕಣ್ಣು ಹೋಯಿತು. ಅದರಲ್ಲಿ ಓ ಇಲ್ಲ, ಪಿ ಇಲ್ಲ. ನಡುವೆ ಎ ಕೂತಿದೆ, ಹೊರಗೆ ಟಿ ನಿಂತಿದೆ, ಮುಟ್ಟಿದ ಕಡೆ ಎಮ್ಮು, ಎನ್ನು.

ಇದು ತಾನು ಕಲಿತ ಪ್ರಮೇಯವೇ ಅಲ್ಲ, ಬೇರೆ ಯಾವುದೋ ಎಂದುಕೊಂಡಳು. ಮತ್ತೆ ಮೊದಲಿನಿಂದ ಪದ ಎತ್ತಿದಳು, ಮತ್ತೆ ಓ ಎಂಬಲ್ಲಿಗೆ ಬಂದು ಮುರಿಯಿತು. ಕೋಣೆ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದ ಅವಳಿಗೆ ಹಳೆಯ ಪರಿಚಯ. ಕಾಗದದ ಮೇಲೆ ತನ್ನ ನೆರಳು ಕಂಡಿತು. ಎದ್ದು ಹೋಗಿಬಿಡೋಣ, ಬಸ್ಸು ಹತ್ತೋಣ, ಬರುವುದು ಬರಲಿ ಎಂದು ಪೆನ್ನಿನ ಮುಚ್ಚಳ ಹಾಕಿದಳು.

ಮುಚ್ಚಳ ಹಾಕುವಾಗ, ಕೊಟ್ಟಿಗೆಯಲ್ಲಿ ಅತ್ತೆಗೆ ತಾನೇ ಹೆದರಿ ಹೇಳಿದ ಸುಳ್ಳು ನೆನಪಾಯಿತು. ಹೆಸರು ಹಾಕುವ ಜಾಗ. ಕಿರಂಗೂರಿನಲ್ಲಿ ಅತ್ತೆ ಓ ತೆಗೆದು ರಂಜಿತಳನ್ನು ಇಟ್ಟಳು, ಪಿ ತೆಗೆದು ಅಶೋಕನನ್ನು ಇಟ್ಟಳು. ಪದ ಎಲ್ಲೂ ಕುಂಟಲಿಲ್ಲ. ಹಾಗಾದರೆ ಇದು ಯಾರ ಮನೆ ಮದುವೆ? ಎ ಎಂಬವಳದು, ಟಿ ಎಂಬವನದು. ಅವಳು ಮುಚ್ಚಳ ತೆಗೆದು, ಬರೆದದ್ದನ್ನು ಹೊಡೆದುಹಾಕಿ, ಹೊಸದಾಗಿ ಎತ್ತಿಕೊಂಡಳು. ಬಾಯಿ ಅಲ್ಲಾಡುತ್ತಿತ್ತೆಂದು ಕಾಣುತ್ತದೆ. ಮೇಲ್ವಿಚಾರಕಿ ಹತ್ತಿರ ಬಂದು, ಅಮ್ಮಾ, ಬಾಯಲ್ಲಿ ಹೇಳಿಕೊಳ್ಳಬೇಡಿ, ಅಕ್ಕಪಕ್ಕದವರಿಗೆ ಕೇಳುತ್ತದೆ ಎಂದು ಗದರಿದರು. ಹೆದರಿ ತುಟಿ ಕಚ್ಚಿಕೊಂಡು ಬರೆದಳು. ಗೆರೆ ಮುಟ್ಟಿದ ಕಡೆ ಬಂದಾಗ ನಿಂತು, ಮಟ್ಟಿಗೆ ಕೂರದ ಆ ಲಂಬದ ಮಾತನ್ನೂ ಬರೆದಳು.

ಫಲಿತಾಂಶ ಬರುವ ತನಕ ಅವಳು ಅನ್ನ ನೀರು ಬಿಟ್ಟವಳಂತೆ ಇದ್ದಳು. ಫೋನು ಹೊಡೆದುಕೊಂಡರೆ ಬೆಚ್ಚುವಳು. ಹುಷಾರಿಲ್ಲವೇನೋ ಎಂದು ನಿಂಗರಾಜು ಡಾಕ್ಟರ ಹತ್ತಿರ ಕರೆದ, ಹೋಗಲಿಲ್ಲ. ಆ ದಿನ ನನ್ನ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆವು. ಪಾಸಿಗೆ ಎಷ್ಟು ಬೇಕೋ ಅದಕ್ಕಿಂತ ಒಂದಿಷ್ಟು ಮೇಲೆ ಬಂದಿತ್ತು. ಅವಳು ಅಳಲೂ ಇಲ್ಲ, ನಗಲೂ ಇಲ್ಲ. ತೆರೆಯನ್ನೇ ನೋಡುತ್ತಾ ಇದ್ದು, "ದೊಡ್ಡಮಾವ, ಇದ್ರಲ್ಲಿ ಈ ವರ್ಸದ ಇಸ್ವಿ ಐತೆ" ಎಂದಳು.

ಇಷ್ಟು ದಿನ ಅದು ಅವಳಿಗೂ ಹೊಳೆದಿರಲಿಲ್ಲ, ಎಲ್ಲ ಓದಿದ ನನಗೂ ಹೊಳೆದಿರಲಿಲ್ಲ. ಬೈರಮ್ಮ ಕಾಗದ ಕೈಗೆತ್ತಿಕೊಂಡರೆ ಮೊದಲು ನೋಡುವುದೇ ಇಸವಿ. ಪಾಸಾಗಿದ್ದಳು, ಆದರೆ ಸುಳ್ಳು ಇದ್ದ ಜಾಗದಲ್ಲೇ ಇತ್ತು. ಬೈರಮ್ಮನ ಬಾಯಿಂದ ಅತ್ತೆಗೆ ತಿಳಿಯುವುದಕ್ಕಿಂತ ನಿನ್ನ ಬಾಯಿಂದ ತಿಳಿಯಲಿ ಎಂದೆ. ಅವಳು ಎದ್ದು ಹೋದ ರೀತಿ ನೋಡಿ, ಹೇಳಬಾರದಿತ್ತೇನೋ ಅನಿಸಿತು.

ದ್ಯಾವಮ್ಮ ಕೊಟ್ಟಿಗೆಯಲ್ಲಿ ಬಕೆಟ್ಟಿಗೆ ಬೂಸ ಕಲೆಸುತ್ತಿದ್ದಳಂತೆ. ಶ್ವೇತ ಗೋಡೆ ಹಿಡಿದುಕೊಂಡು, "ಅತ್ತೆ, ಮದ್ವೆ ಆದಾಗ ನಾನು ಪಾಸಾಗಿರ್ಲಿಲ್ಲ. ಲೆಕ್ಕದಲ್ಲಿ ಫೇಲಾಗಿದ್ದೆ. ಈಗ ಕಟ್ಟಿ ಪಾಸ್ ಮಾಡ್ದೆ" ಎಂದಳು. ದ್ಯಾವಮ್ಮನ ಕೈ ಬೂಸದೊಳಗೆ ನಿಂತಿತು. ಮುಖ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ತೊಳೆದುಕೊಂಡು ಒಳಗೆ ಹೋದಳು. ರಾತ್ರಿ ಶ್ವೇತ ಬಡಿಸಿದಳು, ಅವಳು ಉಂಡಳು, ಅಷ್ಟೇ.

ಬೆಳಿಗ್ಗೆ ದ್ಯಾವಮ್ಮ ತಾನೇ ಹಾಲಿನ ಕ್ಯಾನು ಎತ್ತಿಕೊಂಡು, ಸೊಸೆಗೆ ಬಾ ಎಂದು ಕೈಸನ್ನೆ ಮಾಡಿ ಡೈರಿಗೆ ಹೊರಟಳು. ಏನು ಮಾಡುತ್ತಾಳೆಂಬ ಅಂಜಿಕೆಯಲ್ಲಿ ಶ್ವೇತಳ ಕಾಲು ಹಿಂದೆ ಬೀಳುತ್ತಿತ್ತು. ನಾನೂ ಹಿಂದೆಯೇ ಹೋದೆ. ಸಾಲಿನಲ್ಲಿ ಊರ ಹೆಂಗಸರೆಲ್ಲ ಇದ್ದರು. ದ್ಯಾವಮ್ಮ ಕ್ಯಾನು ಕೆಳಗಿಟ್ಟು, ಬೈರಮ್ಮನ ಕಡೆ ತಿರುಗಿ, ಸೋಬಾನೆ ಎತ್ತುವ ಅದೇ ದನಿಯಲ್ಲಿ ಹೇಳಿದಳು:

"ನನ್ ಸೊಸೆ ಹತ್ತ್ನೇದು ಪಾಸು ಅಂತ ಊರ್ ತುಂಬ ಯೋಳ್ಕೊಂಡ್ ತಿರುಗ್ದೆನಲ್ಲ, ಅದು ಸುಳ್ಳು. ಈ ವರ್ಸ ಪಾಸ್ ಮಾಡವ್ಳೆ. ಹಳೇ ಪಾಸಲ್ಲ ಕಣವ್ವಾ, ಹೊಸಾದು. ಆಯ್ತದೆ ಅಂದ್ರೆ ತಕ್ಕೊ, ಇಲ್ದಿದ್ರೆ ಬುಡು."

ಯಾರೂ ನಗಲಿಲ್ಲ. ಬೈರಮ್ಮ ಅತ್ತೆಯನ್ನೂ ಸೊಸೆಯನ್ನೂ ನೋಡಿ, ಯಾವ ವಿಷಯ ಹೋಗಿತ್ತು ಎಂದು ಕೇಳಿದಳು. ಲೆಕ್ಕ ಎಂದಳು ಶ್ವೇತ, ನೆಲ ನೋಡುತ್ತಾ. ಸಾಲಿನ ಹಿಂದಿನಿಂದ ಯಾರೋ, "ನಂದು ಇಂಗ್ಲಿಸು ಕಣಕ್ಕ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಬೈರಮ್ಮ ಕಾಗದ ತಂದುಕೊಡು, ನೋಡೋಣ ಎಂದಳು. ಬೇಡ ಎನ್ನಲಿಲ್ಲ.

ಸಂಜೆ ದ್ಯಾವಮ್ಮ ನನ್ನ ಜಗಲಿಗೆ ಬಂದು ಕೂತಳು. ನಿಮಗೂ ಗೊತ್ತಿತ್ತಾ ಬಾವ ಎಂದಳು. ಗೊತ್ತಿತ್ತು ಎಂದೆ. ಬೈಯುತ್ತಾಳೆಂದು ಕಾದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಬೀದಿ ನೋಡುತ್ತಿದ್ದಳು.

"ಇಷ್ಟ್ ವರ್ಸ ಅವ್ಳ ಮುಂದೆ ಬಾಯ್ಬುಡಕ್ಕೆ ನಂಗೆ ಎದ್ರಿಕೆ ಬಾವ" ಎಂದಳು. "ಓದ್ದೋಳು, ನಾನು ಎಬ್ಬೆಟ್ಟು. ಏನ್ ಅಂದ್ರೆ ಏನ್ ಅನ್ಕೊಂಡಾಳೋ. ಸಾರಿಗೆ ಉಪ್ಪು ಜಾಸ್ತಿ ಆದ್ರೂ ಸುಮ್ಕೆ ಉಂಡಿವ್ನಿ. ನೋಡುದ್ರೆ ಅವ್ಳು ನನ್ ಕಂಡು ನಡುಗ್ತಾ ಇದ್ಳಂತೆ. ನನ್ ಎದ್ರಿಕೆ ಎಲ್ಲ ದಂಡ ಆಯ್ತಲ್ಲ."

ಅಷ್ಟರಲ್ಲಿ ಶ್ವೇತ ಇಬ್ಬರಿಗೂ ಕಾಫಿ ತಂದು ಇಟ್ಟು, ಹೋಗಲೋ ನಿಲ್ಲಲೋ ತಿಳಿಯದೆ ಕಂಬದ ಹತ್ತಿರ ನಿಂತಳು. ದ್ಯಾವಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಏನಮ್ಮಿ ಇದು, ಕಲಗಚ್ಚು ಇದ್ದಂಗೈತೆ. ಸಕ್ರೆ ಯಾರಪ್ಪ ಆಕ್ತಾನೆ?"

ಮದುವೆಯಾಗಿ ಬಂದಾಗಿನಿಂದ ಸೊಸೆ ಕೇಳಿದ ಮೊದಲ ಬೈಗುಳ ಅದು. ಅವಳು ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿ, ಸಕ್ಕರೆ ಡಬ್ಬ ತರಲು ಒಳಗೆ ಓಡಿದಳು.